ನಡುವಿನ ಕೊಳವೆ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಮಠದಲ್ಲಿ ಇದ್ದವರು ಅಡಿವೆಪ್ಪಜ್ಜ ಮತ್ತು ಅವರ ಶಿಷ್ಯ ಫಕೀರಪ್ಪ. ಜೊತೆಗೆ ಭಕ್ತರು ಯಾರೋ ಬಿಟ್ಟುಹೋದ ಒಂದು ಹಳೆಯ ಮೋಟರ್‌ಸೈಕಲ್ಲು.

ಫಕೀರಪ್ಪ ಮಠಕ್ಕೆ ಬರುವ ಮುಂಚೆ ಪೇಟೆಯ ಗ್ಯಾರೇಜಿನಲ್ಲಿದ್ದವನು. ಗ್ರೀಸು, ಸೀಮೆಎಣ್ಣೆ, ಗಿರಾಕಿಗಳ ಗದ್ದಲ ಸಾಕಾಗಿ, ಇದಕ್ಕಿಂತ ದೊಡ್ಡದು ಏನೋ ಇದ್ದೀತು ಎಂದು ಹುಡುಕಿಕೊಂಡು ಬಂದಿದ್ದ. ಬಂದ ದಿನ ಹೊಳೆಯ ಉಸುಕಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದಿದ್ದ.

ಅಜ್ಜ ಅವನಿಗೆ ಕೊಟ್ಟ ಕೆಲಸ ಒಂದೇ. ದಿನಾ ಮಧ್ಯಾಹ್ನ ತಮ್ಮನ್ನು ಹಿಂದೆ ಕೂರಿಸಿಕೊಂಡು, ಹೊಳೆಯ ಗುಂಟ ಹೋಗುವ ದಾರಿಯಲ್ಲಿ ಆಚೆಯ ಊರಿಗೆ, ಚಂಪವ್ವನ ಮನೆಗೆ ಕರೆದೊಯ್ಯುವುದು.

ಚಂಪವ್ವನ ಒಬ್ಬನೇ ಮಗನನ್ನು ಆ ವರ್ಷದ ಮಳೆಗಾಲದಲ್ಲಿ ಹೊಳೆ ಒಯ್ದಿತ್ತು. ಅಂದಿನಿಂದ ಆಕೆ ಮಾತು ಬಿಟ್ಟಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ನೆರೆಯವರು ತಂದಿಟ್ಟ ಅನ್ನ ತಾಟಿನಲ್ಲೇ ಆರಿಹೋಗುತ್ತಿತ್ತು. ಅಜ್ಜ ಹೋಗಿ ಎದುರಿಗೆ ಕೂತಾಗ ಮಾತ್ರ ಎರಡು ತುತ್ತು ಬಾಯಿಗೆ ಹೋಗುತ್ತಿತ್ತು.

ಅಜ್ಜ ಅಲ್ಲಿ ಏನೂ ಹೇಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂರುತ್ತಿದ್ದರು. ಹೊತ್ತು ವಾಲಿದ ಮೇಲೆ ಎದ್ದು ಬರುತ್ತಿದ್ದರು.

ಫಕೀರಪ್ಪ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಕಾದಂತೆಲ್ಲ ಅವನಿಗೆ ಅಸಮಾಧಾನ. ಹೆತ್ತ ಕರುಳು ಹೀಗೆ ಬೇಯುತ್ತಿರುವಾಗ ಗುರುವಾದವರು ಒಂದು ಸಮಾಧಾನದ ಮಾತು ಆಡಬಾರದೆ?

ಒಂದು ಸಂಜೆ ತಿರುಗಿ ಬರುವಾಗ ಮುಂದಿನ ಗಾಲಿ ಗುರುಗುಟ್ಟತೊಡಗಿತು. ಹ್ಯಾಂಡಲ್ಲು ಕೈಯಲ್ಲಿ ನಡುಗಿತು. ಮಠ ಮುಟ್ಟಿದ ಮೇಲೆ ಫಕೀರಪ್ಪ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ಅಲುಗಿಸಿದ. ಸಡಿಲಾದ ಹಲ್ಲಿನ ಹಾಗೆ ಅಲುಗಿತು.

"ಬೇರಿಂಗ್ ಹೋಗ್ಯಾವ್ರಿ ಅಜ್ಜಾರ."

"ಹಂಗಂದ್ರ?"

"ಗಾಲಿ ತಿರಗೂದು ಅವುಗಳ ಮ್ಯಾಲ್ರಿ. ಸವದಾವು. ಹಂಗ ಓಡಿಸಿದ್ರ ಒಂದಿನ ಗಾಲಿ ತಿರಗದ ಸಿಕ್ಕೊಂಡು ಇಬ್ರೂ ಬೀಳ್ತೀವಿ."

"ಹಂಗಾರ ಬಿಚ್ಚು."

ಮರುದಿನ ಬೆಳಿಗ್ಗೆ ಹಾಲಿನ ಗಾಡಿಯವನ ಕೈಯಲ್ಲಿ ಪೇಟೆಯಿಂದ ಹೊಸ ಬೇರಿಂಗ್ ಜೋಡಿ ತರಿಸಿಕೊಂಡು, ಅಂಗಳದ ಬೇವಿನ ಕೆಳಗೆ ಗೋಣಿಚೀಲ ಹಾಸಿ ಫಕೀರಪ್ಪ ಕೆಲಸಕ್ಕೆ ಕೂತ. ಬಿಟ್ಟುಬಂದ ಕೆಲಸ ಇಲ್ಲಿಗೂ ಬೆನ್ನಟ್ಟಿ ಬಂತಲ್ಲ ಎಂದು ಒಳಗೊಳಗೇ ಕಿರಿಕಿರಿ.

ಅಜ್ಜನೂ ಬಂದು ಪಕ್ಕದಲ್ಲಿ ಕೂತರು. ಅವರು ಯಾವ ಗಾಲಿಯ ಒಳಗನ್ನೂ ಕಂಡವರಲ್ಲ. ಕೂಸಿನ ಹಾಗೆ ಕಣ್ಣರಳಿಸಿ ನೋಡತೊಡಗಿದರು.

ಫಕೀರಪ್ಪ ನಟ್ಟು ಬಿಚ್ಚಿ ಅಚ್ಚು ಎಳೆದ. ಗಾಲಿ ಕಳಚಿ ಬಂತು. ನಡುವಿನ ಡ್ರಮ್ಮಿನೊಳಗೆ ಒಂದು ಕಡೆಯಿಂದ ಕಬ್ಬಿಣದ ಸಲಾಕೆ ತೂರಿಸಿ, ಆಚೆ ಬದಿಯ ಬೇರಿಂಗಿನ ಅಂಚಿಗೆ ಕೊಟ್ಟು, ಸುತ್ತಲೂ ಸರಿಸುತ್ತ ಸುತ್ತಿಗೆಯಿಂದ ಬಡಿದ.

"ಯಾಕ ಸುತ್ತ ಸುತ್ತ ಹೊಡೀತಿ?"

"ಒಂದ ಕಡೆ ಹೊಡದ್ರ ವಾರಿ ಆಗಿ ಸಿಕ್ಕೊಂತೈತ್ರಿ. ಎಲ್ಲಾ ಕಡೆ ಸಮ ಹೊಡದ್ರ ತಾನ ಬರತೈತಿ."

"ಹೌದಾ!" ಎಂದರು ಅಜ್ಜ. ಯಾರೋ ಮಹಾತ್ಮರ ಮಾತು ಕೇಳಿದ ಹಾಗೆ ತಲೆದೂಗಿದರು.

ಒಂದು ಬೇರಿಂಗ್ ಬಂತು. ಅದರ ಹಿಂದೆ ಗೇಣಿಗಿಂತ ಚಿಕ್ಕದೊಂದು ಕಬ್ಬಿಣದ ಕೊಳವೆ ಜಾರಿ ಬಿತ್ತು. ಆಮೇಲೆ ಇನ್ನೊಂದು ಬೇರಿಂಗ್.

ಫಕೀರಪ್ಪ ಸವೆದದ್ದನ್ನು ಅಜ್ಜನ ಅಂಗೈ ಮೇಲೆ ಇಟ್ಟ. "ತಿರಗಸ್ರಿ."

ತಿರುಗಿಸಿದರು. ಒಳಗೆ ಉಸುಕು ಅರೆದಂತೆ ಕರಕರ ಎಂದಿತು. ಹೊಸದನ್ನು ಕೊಟ್ಟ. ಅದು ಬೆರಳು ಸೋಕಿದರೆ ಸಾಕು, ಸದ್ದಿಲ್ಲದೆ ಜಾರಿತು.

"ಇದರಾಗ ಏನೈತಿ?"

"ಉಕ್ಕಿನ ಗುಂಡು ಅದಾವ್ರಿ. ಬಟಾಣಿ ಕಾಳಿನಷ್ಟು."

"ನೀನು, ನಾನು, ಈ ಗಾಡಿ, ಎಲ್ಲಾ ಭಾರ ಈ ಕಾಳಿನ ಮ್ಯಾಲೇನು?"

"ಹೌದ್ರಿ."

ಅಜ್ಜ ಬೇರಿಂಗನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಅಜ್ಜಾರ, ಗ್ರೀಸು!" ಎಂದ ಫಕೀರಪ್ಪ. ಆದರೆ ಅವನ ಕೈ ಒಂದು ಕ್ಷಣ ನಿಂತಿತು. ಇಂಥ ಎಷ್ಟೋ ಬೇರಿಂಗುಗಳನ್ನು ಹಾಕಿದ್ದ. ಇಷ್ಟು ಸಣ್ಣ ಕಾಳುಗಳು ಎಷ್ಟು ಜನರ ಬಾಳನ್ನು ಹೊತ್ತು ಓಡಿದ್ದವು ಎಂದು ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ.

ಬಿಸಿಲು ಏರುತ್ತಿತ್ತು. ಚಂಪವ್ವನ ಮನೆಗೆ ಹೋಗುವ ಹೊತ್ತು ಹತ್ತಿರ ಬರುತ್ತಿತ್ತು. ಫಕೀರಪ್ಪ ಡ್ರಮ್ಮನ್ನು ಒರೆಸಿ, ಅದು ಹಿಗ್ಗಲೆಂದು ಕುದಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿಸಿ ಮಾಡಿದ. ಹೊಸ ಬೇರಿಂಗ್ ಇಟ್ಟು, ಅದರ ಮೇಲೆ ಹಳೆಯದನ್ನು ಇಟ್ಟು, ಹಳೆಯದರ ಮೇಲೆ ಬಡಿದ. ಬಡಿಯುತ್ತ ಬಡಿಯುತ್ತ ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂತು.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ದಿನಾ ಆ ತಾಯಿ ಹಂತ್ಯಾಕ ಹೋಗ್ತೀರಿ. ಏನೂ ಹೇಳೂದಿಲ್ಲ, ಏನೂ ಕೊಡೂದಿಲ್ಲ. ಸುಮ್ಮ ಕೂತು ಬರ್ತೀರಿ. ಎರಡು ತುತ್ತು ಉಂಡದ್ದು ಬಿಟ್ರ ಅದರಿಂದ ಆಕಿಗೇನು ಬಂತು?"

ಅಜ್ಜ ಗೋಣಿಚೀಲದ ಮೇಲೆ ಬಿದ್ದಿದ್ದ ಕೊಳವೆಯನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ಹೊಳೆಯನ್ನು ನೋಡುತ್ತಿದ್ದರು.

ಅದು ಫಕೀರಪ್ಪನನ್ನು ಇನ್ನಷ್ಟು ಕೆರಳಿಸಿತು. ಗಾಲಿ ಮಗುಚಿ ಇನ್ನೊಂದು ಬದಿಯ ಬೇರಿಂಗನ್ನೂ ರಪರಪನೆ ಬಡಿದು ಕೂರಿಸಿದ. ಬೆವರು ಒರೆಸಿಕೊಂಡ.

ಆಗ ಅಜ್ಜ ಕೇಳಿದರು. "ತಮ್ಮಾ, ಇದು ಎಲ್ಲಿ ಕೂಡ್ರತೈತಿ?"

ಫಕೀರಪ್ಪ ತಿರುಗಿ ನೋಡಿದ. ಕೊಳವೆ ಅಜ್ಜನ ಕೈಯಲ್ಲೇ ಇತ್ತು.

"ಅದು ಒಳಗಿರಬೇಕಿತ್ರಿ. ಎರಡರ ನಡುವ."

"ನಾ ಹಿಡಕೊಂಡು ಕೂತೆ, ತಪ್ಪು ನಂದು. ಇದು ಇಲ್ಲದ ನಡಿಯೂದಿಲ್ಲೇನು? ಇದೇನು ಮಾಡತೈತಿ?"

"ಏನೂ ಮಾಡೂದಿಲ್ರಿ. ಟೊಳ್ಳು ಕೊಳವಿ. ತಿರಗೂದಿಲ್ಲ, ಸರಿಯೂದಿಲ್ಲ. ನಡುವ ಸುಮ್ಮ ಇರತೈತಿ. ನಾವು ನಟ್ಟು ಬಿಗದಾಗ ಆ ಒತ್ತು ಎಲ್ಲಾ ತಾನ ತಗೊಂತೈತಿ. ಇದಿಲ್ಲಂದ್ರ ಆ ಒತ್ತಿಗೆ ಬೇರಿಂಗ್ ಒಳಗ ಒಡದು..."

ಹೇಳುತ್ತ ಹೇಳುತ್ತ ಅವನು ಸುತ್ತಿಗೆಯನ್ನು ಕೆಳಗಿಟ್ಟ.

ಬೇವಿನ ಎಲೆ ಅಲುಗುತ್ತಿರಲಿಲ್ಲ. ಅಜ್ಜ ಕೊಳವೆಯನ್ನು ತಮ್ಮ ಪಂಚೆಯಂಚಿನಲ್ಲಿ ಒರೆಸುತ್ತಿದ್ದರು. ಫಕೀರಪ್ಪ ಅವರನ್ನು ನೋಡಿದ. ದಿನಾ ನೋಡುವ ಮುದುಕರೇ. ಆದರೂ ಮೊದಲ ಸಲ ನೋಡಿದಂತೆ ಅನಿಸಿತು.

"ಈಗೇನು ಮಾಡಬೇಕು?" ಎಂದರು ಅಜ್ಜ.

"ಒಂದನ್ನ ಬಡದು ತಗೀಬೇಕ್ರಿ. ಹಂಗ ತಗದದ್ದು ಒಳಗ ಪೆಟ್ಟು ತಿಂದಿರತೈತಿ. ಮತ್ತೊಂದು ಹೊಸಾದು ಬೇಕು." ಅವನು ಬಿಸಿಲು ನೋಡಿದ. "ಆದ್ರ ಪ್ಯಾಟಿಗೆ ಹೋಗಿ ಬರೂದ್ರಾಗ ಹೊತ್ತು ವಾಲತೈತಿ. ಚಂಪವ್ವ ಉಪವಾಸ ಉಳೀತಾಳ್ರಿ. ಪೆಟ್ಟು ತಿಂದದ್ದನ್ನ ಹಾಕ್ಲೇನು? ಇವತ್ತಿನ ಮಟ್ಟಿಗೆ ಓಡತೈತಿ."

"ನಿನ್ನ ಕೈ ಏನಂತೈತಿ?"

ಫಕೀರಪ್ಪ ತನ್ನ ಕೈ ನೋಡಿಕೊಂಡ. ಉಗುರ ಸಂದಿಯಲ್ಲಿ, ಅಂಗೈ ಗೆರೆಗಳಲ್ಲಿ ಕಪ್ಪು ಗ್ರೀಸು ಮತ್ತೆ ತುಂಬಿತ್ತು.

"ಬ್ಯಾಡ ಅಂತೈತ್ರಿ."

"ಹಂಗಾರ ಹೋಗಿ ಬಾ."

ರಸ್ತೆಗೆ ಓಡಿ, ಸಿಕ್ಕ ಟಂಟಂ ಆಟೋ ಹತ್ತಿ ಪೇಟೆಗೆ ಹೋದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಆರುತ್ತಿರುವ ಅನ್ನದ ತಾಟು. ಬಾಗಿಲ ಕಡೆ ಒಮ್ಮೆ ನೋಡಿ ಮುಖ ತಿರುಗಿಸುವ ಆ ತಾಯಿ. ಒಂದು ದಿನ ತಪ್ಪಿದರೆ ನಾಳೆ ಅಜ್ಜ ಹೋದರೂ ಆಕೆ ಉಣ್ಣದೆ ಹೋದರೆ? ನನ್ನ ಸಿಟ್ಟಿನ ಕೈ ಎಂಥ ಕೆಲಸ ಮಾಡಿತು ಎಂದು ಹಲ್ಲು ಕಚ್ಚಿದ.

ತಿರುಗಿ ಬಂದಾಗ ಅಜ್ಜ ಕೂತಲ್ಲೇ ಕೂತಿದ್ದರು. ಕೊಳವೆ ಮಡಿಲಲ್ಲಿತ್ತು.

ಈ ಸಲ ಫಕೀರಪ್ಪ ಅವಸರ ಮಾಡಲಿಲ್ಲ. ಒಂದು ಬೇರಿಂಗ್ ಬಡಿದು ತೆಗೆದ. ಅಜ್ಜನ ಮುಂದೆ ಕೈ ಚಾಚಿದ. ಅಜ್ಜ ಕೊಳವೆ ಕೊಟ್ಟರು. ಅದನ್ನು ಒಳಗಿಟ್ಟು, ಹೊಸ ಬೇರಿಂಗಿನ ಹೊರ ಅಂಚಿಗೆ ಮಾತ್ರ ಪೆಟ್ಟು ಬೀಳುವಂತೆ, ಸುತ್ತಲೂ ಸಮನಾಗಿ ಬಡಿದ. ಪೆಟ್ಟಿನ ಸದ್ದು ಮೊದಲು ಟೊಳ್ಳಾಗಿತ್ತು. ಬರುಬರುತ್ತ ಗಟ್ಟಿಯಾಯಿತು. ಬೇರಿಂಗ್ ತಳ ಮುಟ್ಟಿತು ಎಂದು ಅವನ ಕಿವಿಗೆ ತಿಳಿಯಿತು.

ಗಾಲಿ ಏರಿಸಿ, ಅಚ್ಚು ತೂರಿಸಿ, ನಟ್ಟು ಬಿಗಿದ. ಪೂರ್ತಿ ಬಿಗಿದ. ಆಮೇಲೆ ಬೆರಳ ತುದಿಯಿಂದ ಗಾಲಿಯನ್ನು ಮೆಲ್ಲಗೆ ತಳ್ಳಿದ.

ತಿರುಗಿತು. ಸದ್ದಿಲ್ಲ. ಕಡ್ಡಿಗಳು ಒಂದರೊಳಗೊಂದು ಕರಗಿ ಬೆಳಕಿನ ತಟ್ಟೆಯಾದವು. ಆ ತಟ್ಟೆಯ ಆಚೆ ಹೊಳೆ ಕಾಣುತ್ತಿತ್ತು, ಹೊಳೆಯಾಚೆಯ ಹೊಲ ಕಾಣುತ್ತಿತ್ತು. ಈಗ ನಿಂತೀತು, ಈಗ ನಿಂತೀತು ಎಂದರೂ ತಿರುಗುತ್ತಲೇ ಇತ್ತು. ಅಚ್ಚು ಮಾತ್ರ ಕದಲದೆ ಇತ್ತು.

ಗ್ಯಾರೇಜಿನಲ್ಲಿ ಲೆಕ್ಕವಿಲ್ಲದಷ್ಟು ಗಾಲಿ ತಿರುಗಿಸಿದವನು ಫಕೀರಪ್ಪ. ಇಂದು ಮಾತ್ರ ಮಂಡಿಯೂರಿ ಕೂತವನು ಏಳಲಾರದೆ ಹೋದ. ಯಾವುದನ್ನು ಹುಡುಕಿಕೊಂಡು ಇಷ್ಟು ದೂರ ಬಂದೆನೋ ಅದು ಇಷ್ಟು ಹತ್ತಿರ, ಈ ಗ್ರೀಸಿನ ವಾಸನೆಯ ನಡುವೆ ಇದೆಯಲ್ಲ ಅನಿಸಿ ಕಣ್ಣು ಮಂಜಾದವು. ಪಕ್ಕದಲ್ಲಿ ಅಜ್ಜ ಕೈ ಮುಗಿದು ಕೂತಿದ್ದರು.

ಗಾಲಿ ತಾನಾಗಿ ನಿಂತ ಮೇಲೆ ಇಬ್ಬರೂ ಎದ್ದರು.

ದಾರಿಯಲ್ಲಿ ಫಕೀರಪ್ಪನಿಗೆ ಎಂದೂ ಕೇಳದ ಸದ್ದುಗಳು ಕೇಳಿದವು. ನೀರು ಕಲ್ಲಿಗೆ ಬಡಿಯುವುದು, ಎಲ್ಲೋ ಯಾರೋ ದನ ಕರೆಯುವುದು. ಹೊತ್ತು ಆಗಲೇ ಇಳಿದಿತ್ತು. ಹೋಗಿ ಏನು ಹೇಳಲಿ ಎಂದು ಅವನಿಗೆ ಚಿಂತೆ.

ಊರ ಹೊರಗಿನ ತಿರುವಿನಲ್ಲಿ ಒಬ್ಬ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತ ನಿಂತಿದ್ದಳು. ಹತ್ತಿರ ಹೋಗುವ ತನಕ ಫಕೀರಪ್ಪನಿಗೆ ಗುರುತು ಹತ್ತಲಿಲ್ಲ. ಆಕೆಯನ್ನು ಅವನು ಬಿಸಿಲಿನಲ್ಲಿ ಕಂಡೇ ಇರಲಿಲ್ಲ.

ಚಂಪವ್ವ.

ಅವನು ಗಾಡಿ ನಿಲ್ಲಿಸಿದ. ಇಳಿಯುವುದೂ ಮರೆತು ನೋಡುತ್ತ ಕೂತ.

"ಯಾಕ್ರಿ ಅಜ್ಜಾರ ಇಷ್ಟು ತಡಾ?" ಆಕೆಯ ದನಿ ಬಹಳ ದಿನ ಬಳಸದ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು. "ಹೊಳಿ ದಂಡಿ ದಾರಿ. ನೀವು ಬರಲಿಲ್ಲಂದ್ರ ನಾ ಏನಂತ ತಿಳಕೋಬೇಕು? ನಿಂತೂ ನಿಂತೂ ಕಾಲು ಸೋತ್ವು."

ಹೇಳುತ್ತಲೇ ಆಕೆಯ ಕಣ್ಣು ತುಂಬಿ ಹರಿಯಿತು.

"ತಪ್ಪು ನಂದಬೇ..." ಎಂದ ಫಕೀರಪ್ಪ. ಅಜ್ಜನ ಕಡೆ ತಿರುಗಿದ. ಅವರೂ ಬೆರಗಾಗಿ ಆಕೆಯನ್ನೇ ನೋಡುತ್ತಿದ್ದರು. ಆಕೆ ಹೀಗೆ ಹೊಸ್ತಿಲು ದಾಟಿ ಬಂದಾಳೆಂದು ಅವರಿಗೂ ಗೊತ್ತಿರಲಿಲ್ಲ.

ಚಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಫಕೀರಪ್ಪನ ಕಪ್ಪು ಕೈ, ಬೆವರಿಳಿದ ಮುಖ ಅವಳ ಕಣ್ಣಿಗೆ ಬಿತ್ತು.

"ಈ ಹುಡುಗ ಉಂಡಾನೋ ಇಲ್ಲೋ?"

ಅಜ್ಜ ಅವನ ಭುಜ ಹಿಡಿದು ಮೆಲ್ಲಗೆ ಕೆಳಗಿಳಿದರು.

"ಇಲ್ಲವಾ. ಇಬ್ರೂ ಹಸದೀವಿ. ನಡಿ, ಒಲಿ ಹಚ್ಚು."