ಆಮೆಯಜ್ಜಿಯೂ ದೂರದ ನಿಲ್ದಾಣವೂ

ಪ್ರಾಣಿಗಳ ಪೇಟೆಯೊಂದರಲ್ಲಿ ಊರವರನ್ನೆಲ್ಲ ಬೆನ್ನ ಮೇಲೆ ಹೊತ್ತು ನೀರಿಗೆಂದು ಕೆರೆಗೆ ಕರೆದೊಯ್ಯುವ ಆನೆಯಿತ್ತು. ಅದು ಬಂದು ನಿಲ್ಲಲೆಂದು ಪೇಟೆಯ ಯಜಮಾನ ನರಿ ಚೆಂದದ ನಿಲ್ದಾಣ ಕಟ್ಟಿಸಿತು. ಸುತ್ತಲೂ ಕುದುರೆಗಾಡಿಗಳಿಗೆ ಜಾಗವಾಗಲೆಂದು ಮರ ಕಡಿಸಿ, ಮನೆಗಳನ್ನು ದೂರ ಸರಿಸಿತು.

ಆಮೆಯಜ್ಜಿ ಮುಂಜಾನೆಯ ಮಂಜಿನಲ್ಲೇ ಹೊರಟಳು. ಬಿಸಿಲೇರಿದರೂ ನಿಲ್ದಾಣ ಕನಸಿನಲ್ಲಿ ಕಂಡದ್ದರ ಹಾಗೆ ಹಿಂದೆ ಹಿಂದೆ ಸರಿಯುತ್ತಲೇ ಇತ್ತು. ಅರ್ಧ ದಾರಿಯಲ್ಲಿ ಬರಿಬೆನ್ನಿನ ಆನೆ ಎದುರಾಯಿತು.

“ನಿಲ್ದಾಣದಲ್ಲಿ ಒಬ್ಬರೂ ಇರಲಿಲ್ಲ. ಈ ಊರಿಗೆ ನಾನು ಬೇಡವಾದೆ ಅಜ್ಜಿ, ನಾಳೆಯಿಂದ ಬರುವುದಿಲ್ಲ.”

“ಬೇಕಾದವರೆಲ್ಲ ದಾರಿಯಲ್ಲೇ ಇದ್ದೇವಪ್ಪ. ನನ್ನ ಜೊತೆ ಊರ ಕಡೆಗೊಮ್ಮೆ ನಡೆದು ನೋಡು.”

ಆನೆ ಅವಳ ನಿಧಾನಕ್ಕೆ ತಕ್ಕಂತೆ ಹೆಜ್ಜೆ ಹಾಕಿತು. ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಏದುಸಿರು ಬಿಡುತ್ತಿದ್ದ ಕೋಳಿಯನ್ನೂ ಚಿಪ್ಪಿನೊಳಗೆ ಮುದುಡಿದ ಬಸವನಹುಳುವನ್ನೂ ಕಂಡಿತು. ನೆರಳಿಲ್ಲದ ದಾರಿಯಲ್ಲಿ ಆನೆಯ ಕಾಲೂ ಸುಡತೊಡಗಿತು. ಮನೆಗಳ ನಡುವಿನ ಹೊಂಗೆಯ ನೆರಳಿಗೆ ಬಂದು ಮಂಡಿಯೂರಿತು.

“ನಿಲ್ಲಬೇಕಾದದ್ದು ಅಲ್ಲಿ,” ಎನ್ನುತ್ತ ನರಿ ಓಡಿಬಂತು.

“ಮನೆಗಳೂ ಮರಗಳೂ ನಿಲ್ದಾಣದ ಪಕ್ಕಕ್ಕೆ ಮರಳಲಿ. ಅಲ್ಲಿಯವರೆಗೆ ನಾನು ಮನೆಗಳ ಪಕ್ಕದಲ್ಲೇ ನಿಲ್ಲುತ್ತೇನೆ,” ಎಂದಿತು ಆನೆ.

ಆನೆಯ ಹಿಂದೆಯೇ ಮರಳಿ ಬಂದಿದ್ದ ಕೋಳಿ, ಮರಿಗಳು, ಬಸವನಹುಳು, ಆಮೆಯಜ್ಜಿ ಒಬ್ಬೊಬ್ಬರಾಗಿ ಹತ್ತಿದರು. ತೂಗುವ ಆ ಬೆನ್ನ ಮೇಲೆ ಆಮೆಯಜ್ಜಿಗೆ ಕೆರೆ ಕಾಣುವ ಮೊದಲೇ ನಿದ್ದೆ ಬಂತು.