ಕಾಗಮ್ಮನ ಮೇಲ್ಮನವಿ

ಮೆಟ್ರೋ ನಿಲ್ದಾಣದ ಪಕ್ಕದ ಮರಗಳಲ್ಲಿ ಇನ್ನು ಮುಂದೆ ಕೊಂಬೆಗೆ ನಾಲ್ಕು ಗೂಡು ಕಟ್ಟಬಹುದೆಂದು ಹಕ್ಕಿಗಳ ಸಭೆ ನಿಯಮ ಮಾಡಿತು. ನಿಲ್ದಾಣದಲ್ಲಿ ಜನ ಚೆಲ್ಲುವ ತಿಂಡಿ ಎಲ್ಲರಿಗೂ ಹತ್ತಿರವಾಗಲಿ ಎಂಬುದು ಉದ್ದೇಶ. ಅಲ್ಲಿನ ನೇರಳೆ ಮರದಲ್ಲಿ ಒಬ್ಬಳೇ ಗೂಡು ಕಟ್ಟಿಕೊಂಡಿದ್ದ ಕಾಗಮ್ಮ ನ್ಯಾಯ ಹೇಳುವ ಗೂಬೆರಾಯರಿಗೆ ಮೇಲ್ಮನವಿ ಸಲ್ಲಿಸಿದಳು.

"ಸ್ವಾಮಿ, ಕಂಡಕಂಡವರೆಲ್ಲ ಬಂದರೆ ನಮ್ಮ ಮರದ ಮರ್ಯಾದೆ ಏನಾಗಬೇಕು? ನನ್ನ ಮಕ್ಕಳು ಯಾರ ಜೊತೆ ಬೆಳೆಯಬೇಕು?"

"ಮೊಟ್ಟೆ ಇಡುವ ಹೊತ್ತಾಯಿತಮ್ಮ, ಒಂದು ಮೂಲೆ ಸಾಕು," ಎಂದು ಬೆಳವಕ್ಕಿಗಳು ಬೇಡಿಕೊಂಡವು.

ಕಾಗಮ್ಮನ ಪರ ನಿಂತವಳು ಕೋಗಿಲಮ್ಮ ಒಬ್ಬಳೇ. "ಹೊಸ ಗೂಡು ಯಾಕೆ ಬೇಕು ಸ್ವಾಮಿ? ನನ್ನನ್ನೇ ನೋಡಿ, ಈ ಜನ್ಮದಲ್ಲಿ ಒಂದು ಕಡ್ಡಿ ಎತ್ತಿಟ್ಟವಳಲ್ಲ," ಎಂದವಳು ವಾದ ಮುಗಿಯುವವರೆಗೂ ಕೂರದೆ ನೇರಳೆ ಮರದ ಕಡೆಗೆ ಹಾರಿದಳು.

ಸಂಜೆಯ ಹೊತ್ತಿಗೆ ಕಾಗಮ್ಮ ಗೆದ್ದಳು. ಬೆಳವಕ್ಕಿಗಳು ಊರಾಚೆಗೆ ಹೋದವು.

ಕೆಲವು ವಾರಗಳಲ್ಲಿ ಕಾಗಮ್ಮನ ಗೂಡಿನ ಮರಿಗಳು ದೊಡ್ಡವಾದವು. ಅವುಗಳಲ್ಲಿ ಒಂದು ಮಾತ್ರ "ಕುಹೂ" ಎಂದಿತು.

ಕಾಗಮ್ಮ ಮರುದಿನವೇ ಇನ್ನೊಂದು ಮೇಲ್ಮನವಿ ಬರೆಸಿದಳು: "ಮೆಟ್ರೋ ಸದ್ದಿಗೆ ನನ್ನ ಮಗುವಿನ ದನಿ ಕೆಟ್ಟುಹೋಗಿದೆ."