ಉಳಿದ ದಾರ

“ಬುದ್ಧೀ, ಹಿತ್ತಲಿಗೆ ಒಬ್ಬ ತೋಟಗಾರನನ್ನು ಇಟ್ಟರೆ ನಮಗೆ ಎಷ್ಟು ಬಿದ್ದೀತು?”

ಕೇಳಿದವನು ಶಿಷ್ಯ ಕೊಟ್ರಯ್ಯ. ಮಠದ ಹಿತ್ತಲು ಬಹಳ ವರ್ಷದಿಂದ ಯಾರ ಕೈಯೂ ಬೀಳದೆ ಪೊದೆಗಟ್ಟಿತ್ತು. ಅದನ್ನು ಹಸನು ಮಾಡಿಸಬೇಕೆಂಬುದು ಅವನ ಆಸೆ. ಪೇಟೆಯಿಂದ ಒಬ್ಬ ತೋಟಗಾರನನ್ನು ಕರೆತಂದು ಹೆಬ್ಬಾಗಿಲ ಬಳಿ ಕೂರಿಸಿಯೇ ಒಳಗೆ ಬಂದಿದ್ದ.

ಗುರುಗಳು ಪೂಜೆಗೆ ಪತ್ರೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಎಷ್ಟು ಬಿದ್ದೀತು ಅನ್ನುವುದನ್ನು ಅವನನ್ನೇ ಕೇಳಬೇಕು. ನನ್ನನ್ನು ಕೇಳಿದರೆ ನಾನು ಕತೆ ಹೇಳುತ್ತೇನೆ. ಕೂತುಕೋ.”

“ಅವನು ಕಾಯುತ್ತಿದ್ದಾನೆ ಬುದ್ಧಿ.”

“ಕಾಯಲಿ ಬಿಡು. ಗಿಡ ಬೆಳೆಸುವವನಿಗೆ ಕಾಯುವುದು ಗೊತ್ತಿರುತ್ತದೆ. ಗೊತ್ತಿಲ್ಲದವನು ನೀನು.”

ಕೊಟ್ರಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನೀನು ಅವನನ್ನು ಬೈಯಲು ಬಾಯಿ ತೆರೆಯುತ್ತೀಯೆ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು. ಅವಳಿಗೆ ಎಂದೂ ಒಂದು ಗಡಸು ಮಾತು ಆಡಿದವನಲ್ಲ. ವ್ಯಾಪಾರಕ್ಕೆಂದು ಗಾಡಿ ಕಟ್ಟಿಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಅಷ್ಟೇ.

ಹಾಗೆ ಹೋಗಿದ್ದಾಗ ಹೆಂಡತಿ ಹೆತ್ತಳು. ತವರಿನಲ್ಲಿ ತಾಯಿ ಇರಲಿಲ್ಲ, ತಂಗಿ ಇನ್ನೂ ಚಿಕ್ಕವಳು. ಅದಕ್ಕೇ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಮಗು. ನಗುವುದನ್ನು ಕಲಿತಿತ್ತು, ಇನ್ನೂ ಹಲ್ಲು ಬಂದಿರಲಿಲ್ಲ. ಒಂದು ದಿನ ಜ್ವರ ಬಂತು, ಮಗು ಹೋಯಿತು. ತಂದೆ ಅದರ ಮುಖವನ್ನೇ ನೋಡಿರಲಿಲ್ಲ.

ಅವರ ಕುಲದಲ್ಲಿ ಒಂದು ಪದ್ಧತಿ. ಹಲ್ಲು ಮೂಡದ ಕೂಸನ್ನು ಸ್ಮಶಾನಕ್ಕೆ ಒಯ್ಯುವುದಿಲ್ಲ. ಮನೆಯ ಹಿತ್ತಲಿನಲ್ಲೇ ಹೆಂಗಸರೇ ಮಣ್ಣು ಮಾಡುತ್ತಾರೆ, ಗಂಡಸರ ಕಿವಿಗೆ ಅದನ್ನು ಹಾಕುವುದಿಲ್ಲ. ಮೇಲೆ ಕಲ್ಲು ನಿಲ್ಲಿಸುವ ಹಾಗಿಲ್ಲ, ದೀಪ ಇಡುವ ಹಾಗಿಲ್ಲ, ಹೆಸರು ಹಿಡಿದು ಅಳುವ ಹಾಗಿಲ್ಲ. ಅತ್ತೆ ಸೊಸೆಯ ಕಣ್ಣೊರೆಸಿ ಹೇಳಿದಳು, “ಹೋದದ್ದಕ್ಕೆ ಗುರುತು ಇಟ್ಟರೆ ಬರುವುದು ದಾರಿ ತಪ್ಪುತ್ತದಮ್ಮ. ಮರೆತುಬಿಡು.” ಅತ್ತೆಯೂ ಕೆಟ್ಟವಳಲ್ಲ. ಅವಳ ಅತ್ತೆ ಅವಳಿಗೆ ಹೇಳಿದ್ದನ್ನೇ ಅವಳು ಹೇಳಿದಳು.

ಆ ತಾಯಿ ಏನು ಮಾಡಿದಳು ಗೊತ್ತೇ? ಬೇಲಿಯ ಸಾಲಿನಲ್ಲಿ ಒಣಗಿದ್ದ ಒಂದು ತುಂಬೆ ಗಿಡವನ್ನು ಅಂಗೈಯಲ್ಲಿ ಹೊಸಕಿ, ಕೂಸನ್ನು ಇಟ್ಟಿದ್ದ ಮೂಲೆಯಲ್ಲಿ ಕೈ ಕೊಡವಿ ಬಂದಳು. ತುಂಬೆ ಯಾರೂ ನೆಡುವ ಗಿಡವಲ್ಲ. ತಾನೇ ಹುಟ್ಟುತ್ತದೆ, ಹೂವಾಗುತ್ತದೆ, ಬೀಜ ಉದುರಿಸಿ ಒಣಗಿ ಹೋಗುತ್ತದೆ. ಮಳೆ ಬಿದ್ದರೆ ಮತ್ತೆ ಏಳುತ್ತದೆ. ಅದನ್ನು ಕಂಡು ಇದು ಗುರುತು ಎಂದು ಯಾರೂ ಅನ್ನುವಂತಿಲ್ಲ. ಪದ್ಧತಿಯನ್ನೂ ಮೀರಲಿಲ್ಲ, ಮಗುವನ್ನೂ ಬಿಡಲಿಲ್ಲ.

ವರ್ತಕ ಊರಿಗೆ ಬಂದ. ಅವನ ತಾಯಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, “ಬಂದದ್ದು ಹೋಯಿತು ಮಗ, ಅವಳ ಎದುರಿಗೆ ಆ ಮಾತು ಎತ್ತಬೇಡ” ಎಂದಳು. ಅವನು ಎತ್ತಲಿಲ್ಲ. ಗೋಡೆಯ ಕಡೆ ತಿರುಗಿ ಒಬ್ಬನೇ ಅತ್ತು ಮುಗಿಸಿಕೊಂಡ. ಎಲ್ಲಿ ಇಟ್ಟಿರಿ ಎಂದು ಕೇಳಿದರೆ ಅವಳಿಗೆ ನೋವಾದೀತು ಎಂದು ಅವನು ಸುಮ್ಮನಾದ. ಕೇಳುತ್ತಾನೆ, ಕೇಳಿದರೆ ಕೈ ಹಿಡಿದು ಕರೆದೊಯ್ದು ತೋರಿಸೋಣ ಎಂದು ಅವಳು ಕಾದಳು. ಕಾಯುತ್ತಾ ವರ್ಷಗಳು ಉರುಳಿದವು. ಅತ್ತೆ ತೀರಿಕೊಂಡಳು. ಆ ಮೂಲೆಯಲ್ಲಿ ಏನಿದೆ ಎಂಬುದು ಅವಳೊಬ್ಬಳಿಗೇ ಉಳಿಯಿತು. ಇನ್ನೊಂದು ಮಗು ಬರಲೇ ಇಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಆ ಮೂಲೆಗೆ ಹೋಗಿ ಕೂರುವಳು. ಕಲ್ಲು ಆರಿಸುವಳು. ಕೆಲವು ದಿನ ಆರಿಸಲು ಕಲ್ಲೇ ಇರುತ್ತಿರಲಿಲ್ಲ, ಆದರೂ ಕೂರುವಳು. ಚೊಂಬಿನಲ್ಲಿ ಉಳಿದ ನೀರನ್ನು ತುಂಬೆಯ ಬುಡಕ್ಕೆ ಚೆಲ್ಲಿ ಒಳಗೆ ಬರುವಳು.

ವರ್ತಕ ಇದನ್ನು ಹಿಂದಿನ ಜಗಲಿಯಿಂದ ನೋಡುತ್ತಿದ್ದ. ಅವನಿಗೆ ವ್ಯಾಪಾರ ಕೈಹಿಡಿದಿತ್ತು, ಅನುಕೂಲವಾಗಿತ್ತು. ಹೆಂಡತಿ ಕಸ ಕಳೆಯ ನಡುವೆ ಕೂರುವುದನ್ನು ಕಂಡು ಅವನು ಮರುಗುತ್ತಿದ್ದ. ಪಾಪ, ಮಕ್ಕಳಿಲ್ಲದವಳು, ಬೇಸರ ಕಳೆಯಲು ಆ ಹಾಳು ಮೂಲೆಗೆ ಹೋಗುತ್ತಾಳೆ. ಅವಳಿಗೊಂದು ಒಳ್ಳೆಯ ತೋಟ ಮಾಡಿಸಿಕೊಡಬೇಕು ಎಂದುಕೊಂಡ. ನೋಡು, ಅಷ್ಟು ವರ್ಷ ದೂರದಿಂದ ನೋಡಿದ. ಒಂದು ಸಂಜೆ ಹೋಗಿ ಪಕ್ಕದಲ್ಲಿ ಕೂತಿದ್ದರೆ ನನಗೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ತಂಗಿಗೆ ಹೆರಿಗೆಯ ದಿನ ಹತ್ತಿರ ಬಂತು. ತಾಯಿಯಿಲ್ಲದ ಮನೆ, ಬಾಣಂತನ ಮಾಡಲು ಅಕ್ಕನೇ ಹೋಗಬೇಕು. ಅವಳು ಹೊರಟಳು. ಗಾಡಿ ಹತ್ತುವ ಮೊದಲು ಒಮ್ಮೆ ಹಿತ್ತಲಿಗೆ ಹೋಗಿ ಬಂದಳು. ಅವಳು ಹೋದ ಮಾರನೆಯ ದಿನವೇ ವರ್ತಕ ತೋಟಗಾರನನ್ನು ಕರೆಸಿದ. ದೊಡ್ಡ ಮನೆಗಳಿಗೆ ಕೆಲಸ ಮಾಡಿ ಹೆಸರು ಮಾಡಿದವನು. ಕೂಲಿಯ ಚೌಕಾಸಿ ನಡೆಯಿತು. ವರ್ತಕ ಬಿಟ್ಟಾನೆಯೇ? ಕಡೆಗೆ ತಾನು ಹೇಳಿದ್ದಕ್ಕೇ ಅವನನ್ನು ಒಪ್ಪಿಸಿ, ಅಗ್ಗಕ್ಕೆ ಬಂತು ಎಂದು ಒಳಗೊಳಗೇ ಹಿಗ್ಗಿದ.

ಆ ತೋಟಗಾರನದು ಒಂದು ಕ್ರಮ. ಗುದ್ದಲಿ ಮುಟ್ಟುವ ಮೊದಲು ಕೆಂಪು ದಾರದ ಒಂದು ಹಿಡಿ ತುಂಡುಗಳನ್ನು ಯಜಮಾನನ ಕೈಗೆ ಕೊಡುತ್ತಿದ್ದ. “ಯಾವುದು ಉಳಿಯಬೇಕೋ ಅದಕ್ಕೆ ನೀವೇ ಕಟ್ಟಿ. ದಾರ ಇದ್ದದ್ದನ್ನು ನಾನು ಮುಟ್ಟುವುದಿಲ್ಲ, ಇಲ್ಲದ್ದನ್ನು ಬಿಡುವುದಿಲ್ಲ. ಆಮೇಲೆ ಮಾತು ಬರಬಾರದು. ಅಮ್ಮನವರನ್ನೂ ಒಂದು ಮಾತು ಕೇಳಿಬಿಡಿ.”

ವರ್ತಕ ನಕ್ಕ. “ಅವಳಿಗೋಸ್ಕರವೇ ಅಲ್ಲವೇ ಮಾಡಿಸುತ್ತಿರುವುದು? ಅವಳನ್ನೇ ಕೇಳಿದರೆ ಅದರಲ್ಲಿ ಸೊಗಸೇನು ಉಳಿಯಿತು?”

ಅವನು ದಾರ ಹಿಡಿದು ಹೊರಟ. ತೆಂಗಿಗೆ ಕಟ್ಟಿದ. ನಿಂಬೆಗೆ ಕಟ್ಟಿದ. ಕರಿಬೇವಿಗೆ, ನುಗ್ಗೆಗೆ, ಮಲ್ಲಿಗೆ ಬಳ್ಳಿಗೆ ಕಟ್ಟಿದ. ಕಾಯಿ ಬಿಡುವುದಕ್ಕೆ, ಮುಡಿಯಲು ಬರುವುದಕ್ಕೆ, ಸಾರಿಗೆ ಆಗುವುದಕ್ಕೆ ಕಟ್ಟಿದ. ಕೊನೆಗೆ ಆ ಮೂಲೆಗೆ ಬಂದ. ಮೊಣಕಾಲೆತ್ತರ ತುಂಬೆ. ದಾರ ಕೈಯಲ್ಲೇ ಇತ್ತು. ಅವಳು ಕೂತು ಕೂತು ನೆಲ ನುಣುಪಾಗಿತ್ತು, ಅದು ಅವನ ಕಣ್ಣಿಗೆ ಬಿತ್ತು. ಒಂದು ಗಳಿಗೆ ನಿಂತ. ಆಮೇಲೆ, ಕಳೆಗೆ ದಾರ ಕಟ್ಟಿದರೆ ಆ ತೋಟಗಾರ ನಗುತ್ತಾನೆ ಎಂದುಕೊಂಡು ಹಿಂದಕ್ಕೆ ಬಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಉಳಿದ ದಾರವನ್ನು ಹಿಂಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟ.

ತೋಟಗಾರ ಒಪ್ಪಿಕೊಂಡ ಹಾಗೆ ಕೆಲಸ ಮಾಡಿದ. ಅವನದೇನೂ ತಪ್ಪಿಲ್ಲ. ಆ ಮೂಲೆಯಲ್ಲಿ ತಾವರೆಗೆಂದು ಒಂದು ಕೊಳ ತೋಡಿದ, ಕಲ್ಲು ಕಟ್ಟಿದ. ತೋಡಿದ ಮಣ್ಣನ್ನು ಗಾಡಿಗೆ ಹೇರಿ ಊರಾಚೆ ಕಳಿಸಿದ. ಅಷ್ಟು ವರ್ಷದ ಮೇಲೆ ಅದರಲ್ಲಿ ಕಾಣುವಂಥದ್ದು ಏನಿರುತ್ತದೆ? ಬರೀ ಮಣ್ಣು. ಆದರೆ ಅವಳ ಪಾಲಿಗೆ ಮಗು ಅಂತ ಉಳಿದಿದ್ದದ್ದು ಅದೇ.

ಬಾಣಂತನ ಮುಗಿಸಿ ಅವಳು ಬಂದಳು. ತಂಗಿಯ ಕೂಸನ್ನು ಎತ್ತಿ ಆಡಿಸಿ ಬಂದವಳು, ತನ್ನದನ್ನು ನೋಡುವ ಆತುರದಲ್ಲಿದ್ದಳು. ವರ್ತಕ ಬಾಗಿಲಲ್ಲೇ ಕಾಯುತ್ತಿದ್ದ. ಕಾಲು ತೊಳೆಯಲೂ ಬಿಡದೆ ಹಿತ್ತಲಿಗೆ ಕರೆದೊಯ್ದ. ಹಾದಿಗೆ ಮರಳು ಹಾಸಿತ್ತು, ಪಾತಿಯಲ್ಲಿ ಹೂ ಇತ್ತು. ಅವನು ಅದಾವುದನ್ನೂ ನೋಡಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ. ಅವಳು ನೆಟ್ಟಗೆ ಆ ಮೂಲೆಗೆ ನಡೆದಳು.

“ಇಲ್ಲಿದ್ದ ಮಣ್ಣು?”

“ಕೆರೆಯಾಚೆ ಬಯಲಿಗೆ ಸುರಿಸಿದೆ. ಮನೆಯ ಹತ್ತಿರ ಯಾಕೆ ಗುಡ್ಡೆ ಹಾಕಿಕೊಳ್ಳುವುದು?”

ಅವಳು ಕೊಳದ ಕಲ್ಲಿನ ಮೇಲೆ ಕೂತುಬಿಟ್ಟಳು. ತೆಂಗಿನ ಬೊಡ್ಡೆಯಲ್ಲಿದ್ದ ಕೆಂಪು ದಾರವನ್ನು ಕಂಡು ಇದೇನು ಎಂದು ಕೇಳಿದಳು. ಅವನು ತೋಟಗಾರನ ಕ್ರಮವನ್ನು ಉತ್ಸಾಹದಿಂದ ವಿವರಿಸಿದ. ಉಳಿಸಬೇಕಾದ್ದಕ್ಕೆಲ್ಲ ನನ್ನ ಕೈಯಾರೆ ಕಟ್ಟಿದೆ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ದಾರ ಸಾಲದೆ ಹೋಯಿತೇ?”

“ಇಲ್ಲವಲ್ಲ, ಉಳಿದಿದೆ” ಎಂದು ಅವನು ಗೂಡಿನ ಕಡೆ ಕೈ ತೋರಿಸಿದ.

ಆಗ ಅವಳು ಹೇಳಿದಳು. ಅಷ್ಟು ವರ್ಷ ಹೇಳದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಅತ್ತ. ನೀವು ಕೇಳಲಿಲ್ಲ ಎಂದಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಗಾಡಿಯವನನ್ನು ಹುಡುಕಿ ಮಣ್ಣು ಎಲ್ಲಿ ಸುರಿದೆ ಎಂದು ಕೇಳಿದ. ಊರಿನವರೆಲ್ಲ ಬೇಡದ ಮಣ್ಣನ್ನು ಸುರಿಯುವ ಬಯಲು ಅದು. ಅಲ್ಲೇ ಎಲ್ಲೋ ಯಜಮಾನರೇ ಎಂದ ಗಾಡಿಯವನು. ಮಳೆ ಬರಲಿ, ಆ ಮಣ್ಣಿನಲ್ಲಿ ತುಂಬೆಯ ಬೀಜ ಇದ್ದೇ ಇರುತ್ತದೆ, ಎದ್ದಾಗ ಜಾಗ ತಿಳಿಯುತ್ತದೆ ಎಂದು ವರ್ತಕ ಹೆಂಡತಿಗೆ ಸಮಾಧಾನ ಹೇಳಿದ. ಅವಳೂ ನಂಬಿದಳು. ಇಬ್ಬರೂ ಆ ಸಲ ಮಳೆಗೆ ಕಾದ ಹಾಗೆ ಯಾವ ಒಕ್ಕಲಿಗನೂ ಕಾದಿರಲಿಕ್ಕಿಲ್ಲ.

ಮಳೆ ಬಂತು. ಶ್ರಾವಣ ಬಂತು. ಅವನು ಗೂಡಿನಲ್ಲಿದ್ದ ದಾರವನ್ನು ತೆಗೆದುಕೊಂಡ. ಗಂಡ ಹೆಂಡತಿ ಕೆರೆ ಏರಿ ದಾಟಿ ಬಯಲಿಗೆ ಹೋದರು. ಅಲ್ಲಿ ತುಂಬೆ ಎದ್ದಿತ್ತು. ಆ ಮೂಲೆಯಷ್ಟು ಜಾಗದಲ್ಲಲ್ಲ. ಬಯಲು ಪೂರ್ತಿ, ಕಣ್ಣು ಹೋಗುವಷ್ಟು ದೂರ ಬೆಳ್ಳಗೆ ತುಂಬೆಯೇ ಇತ್ತು.

“ಯಾವುದು ನಮ್ಮದು?” ಎಂದು ಅವನು ಕೇಳಿದ. ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ನನಗೆ ಗೊತ್ತಾಗುತ್ತಿಲ್ಲ” ಎಂದಳು.

ಅವನು ಕಾಲ ಬಳಿ ಇದ್ದ ಗಿಡಕ್ಕೆ ಒಂದು ದಾರ ಕಟ್ಟಿದ. ಅದರ ಪಕ್ಕದ್ದಕ್ಕೆ ಒಂದು ಕಟ್ಟಿದ. ಮೊಣಕಾಲೂರಿ, ಕೆಸರಿನಲ್ಲಿ ಸರಿದುಕೊಂಡು, ಒಂದೊಂದಕ್ಕೇ ಕಟ್ಟುತ್ತಾ ಹೋದ. ಅವಳು ಹಿಂದೆ ನಿಂತು ನೋಡಿದಳು. ಎದುರಿಗೆ ಬಯಲು ಹಾಗೆಯೇ ಇತ್ತು, ಅವನ ಕೈಯಲ್ಲಿ ದಾರ ಮುಗಿದಿತ್ತು. ಅವನು ಬರಿಗೈಯನ್ನು ನೋಡಿಕೊಂಡು ಅಲ್ಲೇ ಕೂತ. ಎಷ್ಟೋ ಹೊತ್ತಿನ ಮೇಲೆ ಅವಳು ಅವನ ಭುಜ ಮುಟ್ಟಿ, ಸಾಕು, ಮನೆಗೆ ನಡೀರಿ ಎಂದಳು.

ಗುರುಗಳು ನಿಲ್ಲಿಸಿ ಮತ್ತೆ ಪತ್ರೆಯ ಬುಟ್ಟಿಗೆ ಕೈ ಹಾಕಿದರು.

“ಆಮೇಲೆ ಏನಾಯಿತು ಬುದ್ಧಿ?” ಎಂದ ಕೊಟ್ರಯ್ಯ. ಅವನ ದನಿ ತಗ್ಗಿತ್ತು.

“ಆಗುವುದೇನು? ತೋಟ ಚೆನ್ನಾಗಿ ಬಂತು. ಕೊಳದಲ್ಲಿ ತಾವರೆ ಅರಳಿತು. ಬಂದವರೆಲ್ಲ ಹೊಗಳಿ, ತೋಟಗಾರನಿಗೆ ಎಷ್ಟು ಕೊಟ್ಟಿರಿ ಎಂದು ಕೇಳುತ್ತಿದ್ದರು. ಅವಳು ಮಾತ್ರ ಸಂಜೆ ಅಕ್ಕಿ ಆರಿಸಲು ಮತ್ತೆ ಹಿತ್ತಲಿಗೆ ಹೋಗಲಿಲ್ಲ.”

ಹೆಬ್ಬಾಗಿಲ ಬಳಿ ತೋಟಗಾರ ಒಮ್ಮೆ ಕೆಮ್ಮಿದ. ಕೊಟ್ರಯ್ಯ ಅತ್ತ ನೋಡಿ, ಎದ್ದು, ಅಪ್ಪಣೆಗಾಗಿ ನಿಂತ. ಗುರುಗಳು ಆಗ ಮೊದಲ ಸಲ ತಲೆ ಎತ್ತಿದರು.

“ಅವನ ಕೂಲಿಯನ್ನು ಅವನು ಹೇಳುತ್ತಾನೆ; ನಮ್ಮ ಹಿತ್ತಲಲ್ಲಿ ಯಾರು ಎಲ್ಲಿ ಕೂತು ಅತ್ತಿದ್ದಾರೆ ಅಂತ ನೀನು ಹೇಳಬಲ್ಲೆಯೇನಪ್ಪ?”